ಪುಸ್ತಕ ಮುಚ್ಚಿ ಓದಿದ ಹುಡುಗಿ

ಕೊರೊನಾ ಕಾಲ ಕಳೆದು ಶಾಲೆಗಳು ಮತ್ತೆ ಪೂರ್ತಿಯಾಗಿ ನಡೆಯತೊಡಗಿದ ಮರುವರ್ಷದ ಮಾತು. ಆಗ ನಾನು ಕೊಳ್ಳೇಗಾಲ ತಾಲ್ಲೂಕಿನ ಧನಗೆರೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ವೃತ್ತಿಯ ಮೊದಲರ್ಧವನ್ನು ಹನೂರು ತಾಲ್ಲೂಕಿನ ಶಾಗ್ಯ, ಬಂಡಳ್ಳಿಯ ಆಸುಪಾಸಿನಲ್ಲಿ ಕಳೆದಿದ್ದೆ. ಮನೆ ಯಳಂದೂರಿನಲ್ಲಿ. ಬೆಳಗಿನ ಬಸ್ಸು ಹಿಡಿದು ಕೊಳ್ಳೇಗಾಲದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು. ನಿವೃತ್ತಿಗೆ ಇನ್ನು ಕೆಲವೇ ವರ್ಷಗಳಿದ್ದವು. ಪಾಠ ಮಾಡುವುದರಲ್ಲಿ ನನಗೆ ಒಳ್ಳೆಯ ಹಿಡಿತವಿತ್ತು. ಮಕ್ಕಳನ್ನು ಪಾಸು ಮಾಡಿಸುವುದರಲ್ಲಿ ಇನ್ನೂ ಒಳ್ಳೆಯ ಹೆಸರಿತ್ತು.

ನಮ್ಮ ಕಡೆಯ ಪ್ರೌಢಶಾಲೆಗಳಲ್ಲಿ ಹತ್ತನೇ ತರಗತಿಯ ಪರೀಕ್ಷೆ ಎಂದರೆ ಶಾಲೆಗೇ ಪರೀಕ್ಷೆ. ಅದಕ್ಕೆ ಮೊದಲು ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುತ್ತವೆ. ಮಕ್ಕಳ ಬಾಯಲ್ಲಿ ಅದು 'ಪ್ರಿಪರೇಟರಿ'. ನಿಜವಾದ ಪರೀಕ್ಷೆಯ ಹಾಗೆಯೇ ಪ್ರಶ್ನೆಪತ್ರಿಕೆ, ಅಷ್ಟೇ ಸಮಯ, ಅಷ್ಟೇ ಬಿಗಿ. ಮೊದಲ ಪ್ರಿಪರೇಟರಿ ಮುಗಿದೊಡನೆ ಹಿಂದುಳಿದ ಮಕ್ಕಳನ್ನು ಶಿಕ್ಷಕರು ಹಂಚಿಕೊಳ್ಳುತ್ತಾರೆ. ಇದಕ್ಕೆ 'ದತ್ತು ತೆಗೆದುಕೊಳ್ಳುವುದು' ಎನ್ನುತ್ತೇವೆ. ದತ್ತು ಮಕ್ಕಳ ಮನೆಗೆ ಹೋಗಬೇಕು, ಅವರು ಓದುತ್ತಿದ್ದಾರೋ ಇಲ್ಲವೋ ನೋಡಬೇಕು, ತಂದೆತಾಯಿಯರ ಜೊತೆ ಮಾತನಾಡಬೇಕು.

ಆ ವರ್ಷ ನನ್ನ ಪಾಲಿಗೆ ಬಂದವರಲ್ಲಿ ಸಹನಾ ಎಂಬ ಹುಡುಗಿಯ ಹೆಸರು ನನ್ನನ್ನು ಕಾಡಿತು. ಇಡೀ ತರಗತಿಯಲ್ಲಿ ಅವಳಷ್ಟು ಓದುವ ಮಗು ಇರಲಿಲ್ಲ. ಊಟದ ಬಿಡುವಿನಲ್ಲೂ ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಅವಳ ಪಠ್ಯಪುಸ್ತಕದ ಪ್ರತಿ ಪುಟದಲ್ಲೂ ಹಳದಿ, ಗುಲಾಬಿ, ಹಸಿರು ಬಣ್ಣದ ಗೆರೆಗಳು. ನೋಟ್ಸು ಅಚ್ಚು ಹಾಕಿದ ಹಾಗೆ. ಆದರೆ ಮೊದಲ ಪ್ರಿಪರೇಟರಿಯಲ್ಲಿ ವಿಜ್ಞಾನ, ಗಣಿತ ಎರಡರಲ್ಲೂ ಪಾಸಾಗುವಷ್ಟು ಅಂಕವೂ ಬಂದಿರಲಿಲ್ಲ. ಅವಳ ವಿಜ್ಞಾನದ ಉತ್ತರಪತ್ರಿಕೆಯನ್ನು ತಿದ್ದಿದವಳು ನಾನೇ. ಪ್ರತಿ ಉತ್ತರವೂ ಚೆಂದವಾಗಿ ಆರಂಭವಾಗಿ, ಎರಡನೆಯ ಸಾಲಿಗೆ ನಿಂತುಬಿಟ್ಟಿತ್ತು. ಎಷ್ಟೋ ಕಡೆ ಪ್ರಶ್ನೆಯನ್ನೇ ಮತ್ತೆ ಬರೆದು ಬಿಟ್ಟಿದ್ದಳು.

ಮುಖ್ಯ ಶಿಕ್ಷಕರು ಒಳ್ಳೆಯವರು. ಆದರೆ ಫಲಿತಾಂಶದ ಚಿಂತೆಯಲ್ಲಿ ಬೇಗ ಕೈಚೆಲ್ಲುವ ಸ್ವಭಾವ. "ಓದದೇ ಇರೋ ಮಕ್ಕಳನ್ನ ಓದಿಸಬಹುದು ಮೇಡಂ. ಓದಿಯೂ ಬರದೇ ಇದ್ದರೆ ಏನು ಮಾಡ್ತೀರಿ?" ಎಂದರು. ಅದು ಸರಿಯಾದ ಪ್ರಶ್ನೆಯೇ. ಆದರೆ ಅವರು ಅದನ್ನು ಉತ್ತರ ಎಂದುಕೊಂಡಿದ್ದರು. ನಾನು ಪ್ರಶ್ನೆ ಎಂದುಕೊಂಡೆ.

ಸಹನಾಳಿಗೆ ಬರೀ ಪಾಸಾದರೆ ಸಾಲದಾಗಿತ್ತು. ಹತ್ತನೇ ತರಗತಿಯ ಅಂಕಗಳ ಮೇಲೆ ಪಶುಸಂಗೋಪನೆಯ ಡಿಪ್ಲೊಮಾ ಕೋರ್ಸಿಗೆ ಸೀಟು ಸಿಗುತ್ತದೆ. ಅದನ್ನು ಓದಿದವರು ಮುಂದೆ ಪಶು ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಬಹುದು. ಅವಳಿಗೆ ಅದೊಂದೇ ಆಸೆ. ಎಂಟನೇ ತರಗತಿಯಲ್ಲೇ "ಮುಂದೆ ಏನಾಗ್ತೀಯ?" ಎಂದು ಕೇಳಿದಾಗ ಉಳಿದವರೆಲ್ಲ ಪೊಲೀಸು, ಟೀಚರು ಎಂದಿದ್ದರೆ, ಇವಳು "ದನದ್ ಆಸ್ಪತ್ರೆಲಿ ಇರ್ತೀನಿ ಮಿಸ್" ಎಂದು ಇಡೀ ತರಗತಿಯನ್ನು ನಗಿಸಿದ್ದಳು. ನಕ್ಕವರನ್ನು ತಿರುಗಿ ನೋಡಿರಲಿಲ್ಲ.

ಒಂದು ಬೆಳಿಗ್ಗೆ, ಇನ್ನೂ ಮಂಜು ಗದ್ದೆಗಳ ಮೇಲಿರುವಾಗಲೇ, ನಾನು ಅವಳ ಮನೆಗೆ ಹೋದೆ. ಅವಳ ತಂದೆ ಮಹದೇವಸ್ವಾಮಿ ನಾಲೆಯ ಕೆಳಗೆ ಭತ್ತ ಬೆಳೆಯುವವರು. ಜೊತೆಗೆ ಮೂರು ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದರು. ತಾಯಿ ಗೌರಮ್ಮ ಒಲೆಯ ಮುಂದಿದ್ದರು. ಜಗಲಿಯ ಮೂಲೆಯಲ್ಲಿ ಅಜ್ಜಿ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದರು. ಒಳಗಿನಿಂದ ರಾಗವಾಗಿ ಓದುವ ದನಿ ಕೇಳುತ್ತಿತ್ತು.

"ನೋಡಿ ಮೇಡಂ, ಕೋಳಿ ಕೂಗಕ್ ಮುಂಚೆ ಎದ್ದವ್ಳೆ" ಎಂದರು ಮಹದೇವಸ್ವಾಮಿ. ಮಗಳ ಬಗ್ಗೆ ಹೆಮ್ಮೆಯೂ ಇತ್ತು, ದುಃಖವೂ ಇತ್ತು. "ಓದದ್ರಲ್ಲಿ ಒಂದ್ ತಪ್ಪು ಯೋಳಂಗಿಲ್ಲ. ತಲೆಗೆ ಅತ್ತಲ್ಲ ಅಷ್ಟೇಯ. ಅದ್ಕ್ ಯಾರ್ ಏನ್ ಮಾಡಕಾದದು?"

ಇದನ್ನು ಅವರು ಹೇಳಿದ್ದು ಗಟ್ಟಿಯಾಗಿಯೇ. ಒಳಗಿನ ಓದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಈ ಮಾತನ್ನು ಆ ಹುಡುಗಿ ಮೊದಲ ಸಲ ಕೇಳುತ್ತಿರಲಿಲ್ಲ ಎಂದು ನನಗೆ ಗೊತ್ತಾಯಿತು.

ಒಳಗೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ಜೀವಕ್ರಿಯೆಗಳ ಪಾಠ. ಉಸಿರಾಟದ ಭಾಗವನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ ಆ ಪುಟದ ಅಂಚು ಮೆತ್ತಗಾಗಿತ್ತು. ಕಣ್ಣು ಸಾಲಿನ ಮೇಲೆ, ಬಾಯಿ ರಾಗದ ಮೇಲೆ. ಪಕ್ಕದಲ್ಲಿ ಮೊಬೈಲು, ಯಾವುದೋ ಪಾಠದ ವಿಡಿಯೊ ಎಂದಳು. ನಾನು ಕೂತಿದ್ದ ಸ್ವಲ್ಪ ಹೊತ್ತಿನಲ್ಲೇ ಅದು ಹಲವು ಸಲ ಮಿನುಗಿತು, ಪ್ರತಿ ಸಲವೂ ಅವಳ ಕಣ್ಣು ಅತ್ತ ಹೋಗಿ ಬಂತು. ಓದುವ ರಾಗ ಮಾತ್ರ ನಿಲ್ಲಲಿಲ್ಲ.

ಒಂದು ಪುಟ ಮುಗಿದಾಗ ನಾನು ಪುಸ್ತಕವನ್ನು ಮೆಲ್ಲಗೆ ಮುಚ್ಚಿದೆ. "ಈಗ ಓದಿದ್ದನ್ನ ನನಗೆ ಹೇಳು. ನಿನ್ನ ಮಾತಿನಲ್ಲೇ ಹೇಳು" ಎಂದೆ.

ಅವಳು ಬಾಯಿ ತೆರೆದಳು. "ಮಾನವನ ಉಸಿರಾಟದ ವ್ಯೂಹದಲ್ಲಿ..." ಅಷ್ಟೇ. ಮುಂದಿನ ಪದ ಬರಲಿಲ್ಲ. ಕೈ ತಾನಾಗಿ ಪುಸ್ತಕದ ಕಡೆ ಹೋಯಿತು. ನಾನು ಕೊಡಲಿಲ್ಲ. ಅವಳ ಕಣ್ಣುಗಳು ತುಂಬಿದವು.

"ಓದುವಾಗ ಎಲ್ಲಾ ಗೊತ್ತಿರ್ತದೆ ಮಿಸ್. ಮುಚ್ಚುದ್ರೆ ಒಂಟೋಯ್ತದೆ."

ಇಷ್ಟು ಸ್ಪಷ್ಟವಾಗಿ ತನ್ನ ಕಷ್ಟವನ್ನು ಹೇಳಿದ ವಿದ್ಯಾರ್ಥಿಯನ್ನು ನಾನು ಕಂಡಿರಲಿಲ್ಲ. ಮತ್ತೆ ಮತ್ತೆ ಓದಿದ ಪುಟ ಪರಿಚಿತ ಮುಖದ ಹಾಗೆ ಆಗುತ್ತದೆ. ಕಂಡೊಡನೆ ಗುರುತು ಸಿಗುತ್ತದೆ, ಗೊತ್ತಿದೆ ಅನ್ನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಪುಟ ಎದುರಿಗೆ ಇರುವುದಿಲ್ಲ. ನೆನಪಿನಿಂದ ಹೊರಗೆ ತೆಗೆಯಬೇಕು. ಆ ಹೊರಗೆ ತೆಗೆಯುವ ಕೆಲಸವನ್ನು ಸಹನಾ ಒಂದು ದಿನವೂ ಮಾಡಿರಲಿಲ್ಲ. ಅವಳ ಶ್ರಮವೆಲ್ಲ ಒಳಗೆ ಹಾಕುವುದರಲ್ಲೇ ಮುಗಿದುಹೋಗುತ್ತಿತ್ತು. ಅವಳ ತಲೆಯಲ್ಲಿ ಏನೂ ಕೊರತೆಯಿಲ್ಲ ಎಂದು ನನಗೆ ಆಗಲೇ ಖಾತ್ರಿಯಾಯಿತು. ಆದರೆ ಅದನ್ನು ಅವಳಿಗೆ ಖಾತ್ರಿ ಮಾಡಿಸುವುದು ಹೇಗೆ?

ಅಷ್ಟರಲ್ಲಿ ಕೊಟ್ಟಿಗೆಯಿಂದ ಗೌರಮ್ಮ ಮಗಳನ್ನು ಕೂಗಿದರು. ಒಂದು ಹಸುವಿಗೆ ಹೊಟ್ಟೆಯುಬ್ಬರ, ಔಷಧಿ ಕುಡಿಸಬೇಕಿತ್ತು. ನಾನೂ ಹಿಂದೆಯೇ ಹೋದೆ. ಸಹನಾ ಔಷಧಿಯನ್ನು ಬಿದಿರಿನ ಗೊಟ್ಟಕ್ಕೆ ಸುರಿದುಕೊಂಡಳು, ಹಸುವಿನ ದವಡೆಯ ಪಕ್ಕದಿಂದ ಗೊಟ್ಟ ಇಟ್ಟಳು, ತಲೆಯನ್ನು ಇಷ್ಟೇ ಇಷ್ಟು ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದಳು. ಹಸು ತಲೆ ಕೊಡವಿದಾಗ ಬೆದರದೆ ಬಿಟ್ಟು, ಮತ್ತೆ ಹಿಡಿದಳು. ಐದು ನಿಮಿಷದ ಹಿಂದೆ ಅಳುತ್ತಿದ್ದ ಹುಡುಗಿ ಇವಳೇನಾ ಅನ್ನಿಸಿತು.

"ಇದನ್ನ ಯಾರು ಕಲಿಸಿದ್ದು?" ಎಂದು ಕೇಳಿದೆ.

"ಡಾಕ್ಟ್ರು ಮಿಸ್. ಅವ್ರು ಒಂದ್ಸಲ ಮಾಡಿ ತೋರ್ಸುದ್ರು. ಇನ್ನೊಂದ್ಸಲ ಬಂದಾಗ ನನ್ ಕೈಗೇ ಗೊಟ್ಟ ಕೊಟ್ಬುಟ್ರು. ನಾನು ತಲೆ ಜಾಸ್ತಿ ಎತ್ಬುಟ್ಟೆ, ಹಸ ಕೆಮ್ತು. 'ಅಂಗ್ ಎತ್ತುದ್ರೆ ಔಸ್ದಿ ಶ್ವಾಸಕೋಶಕ್ಕೆ ಓಯ್ತದೆ ಕಣಮ್ಮ' ಅಂತ ನನ್ ಕೈ ಇಡ್ಕಂಡು ಸರಿ ಮಾಡುದ್ರು. ಅವತ್ತಿಂದ ತಪ್ಪಿಲ್ಲ."

"ಡಾಕ್ಟರು ಕುಡಿಸೋದನ್ನ ನೀನು ನೂರು ಸಲ ನಿಂತು ನೋಡಿದ್ದಿದ್ದರೆ?"

"ಬರೀ ನೋಡುದ್ರೆ ಎಂಗ್ ಬತ್ತದೆ ಮಿಸ್? ನಾವ್ ಮಾಡ್ಬೇಕಲ್ವಾ?"

ಅವಳು ಗೊಟ್ಟ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಪುಸ್ತಕನೂ ಅಂಗೇನಾ ಮಿಸ್?"

"ಅದೂ ಹಾಗೆಯೇ. ಪುಸ್ತಕ ಒಂದ್ಸಲ ತೋರಿಸುತ್ತೆ. ಆಮೇಲೆ ನೀನು ಮಾಡಬೇಕು. ತಪ್ಪಾಗಬೇಕು. ತಪ್ಪಾದ ಕಡೆ ಸರಿ ಮಾಡಿಕೋಬೇಕು."

ಅಂದಿನಿಂದ ಹೊಸ ಕ್ರಮ ಶುರುವಾಯಿತು. ಅದರಲ್ಲಿ ಮಾಯಾಮಂತ್ರವೇನೂ ಇರಲಿಲ್ಲ. ಒಂದು ಸಲಕ್ಕೆ ಒಂದು ಸಣ್ಣ ಭಾಗ. ಅದನ್ನು ಗಮನವಿಟ್ಟು ಒಮ್ಮೆ ಓದುವುದು, ಅರ್ಥವಾಗದಿದ್ದರೆ ಇನ್ನೊಮ್ಮೆ. ಆಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನೂ ಹೇಳುವುದು ಅಥವಾ ಬರೆಯುವುದು. ನಂತರ ತೆರೆದು ಬಿಟ್ಟುಹೋದದ್ದನ್ನು ಮಾತ್ರ ನೋಡಿ, ಮತ್ತೆ ಮುಚ್ಚಿ ಹೇಳುವುದು. ಮಾರನೆಯ ದಿನ ಹೊಸದಕ್ಕೆ ಕೈ ಹಾಕುವ ಮೊದಲು ನಿನ್ನೆಯದನ್ನು ಒಮ್ಮೆ ಹೇಳಿಕೊಳ್ಳುವುದು. ವಾರ ಕಳೆದ ಮೇಲೆ ಮರೆತಿರುತ್ತದೆ, ಆಗ ಇನ್ನೊಮ್ಮೆ. ಗಣಿತದಲ್ಲೂ ಬಿಡಿಸಿದ ಲೆಕ್ಕವನ್ನು ನಕಲು ಮಾಡುವ ಬದಲು, ಅದನ್ನು ಮುಚ್ಚಿಟ್ಟು ತಾನೇ ಬಿಡಿಸುವುದು. ಬಣ್ಣದ ಪೆನ್ನುಗಳನ್ನು ಅವಳು ಇನ್ನೂ ಚಿಕ್ಕವಳಾಗಿದ್ದ ತಂಗಿಗೆ ಕೊಟ್ಟುಬಿಟ್ಟಳು.

ಮೊಬೈಲಿಗೆ ಅವಳೇ ದಾರಿ ಕಂಡುಕೊಂಡಳು. ಓದಲು ಕೂರುವ ಮೊದಲು ಅದನ್ನು ಅಜ್ಜಿಯ ಎಲೆಯಡಿಕೆ ಚೀಲಕ್ಕೆ ಹಾಕಿಬಿಡುತ್ತಿದ್ದಳು. ಆ ಚೀಲಕ್ಕೆ ಕೈ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. "ಅದೇನೋ ಒಳ್ಗೆ ಗುರ್ ಅಂತದೆ ಕಣವ್ವ, ತೊಡೆಯೆಲ್ಲಾ ನಡುಗ್ತದೆ" ಎಂದು ಅಜ್ಜಿ ನನ್ನ ಮುಂದೆ ದೂರಿದರು. ಆದರೂ ಚೀಲ ಬಿಚ್ಚಿ ಕೊಡಲಿಲ್ಲ. ಕೈಗೆ ಸಿಗದ ವಸ್ತುವಿನ ಮೇಲೆ ಮನಸ್ಸು ಬಹಳ ಹೊತ್ತು ನಿಲ್ಲುವುದಿಲ್ಲ. ಮನಸ್ಸು ಓಡಿದಾಗ ಸಹನಾ ಎದ್ದು ಕೊಟ್ಟಿಗೆಯವರೆಗೆ ಹೋಗಿ ಹಸುಗಳ ಮೈ ಸವರಿ ಬಂದು ಕೂರುತ್ತಿದ್ದಳು.

ಇದೆಲ್ಲ ಹೇಳುವಾಗ ಸಲೀಸು. ಮೊದಲ ದಿನಗಳು ಸಲೀಸಾಗಿರಲಿಲ್ಲ. ಮೊದಲು ಪುಸ್ತಕ ತೆರೆದಿಟ್ಟು ರಾಗವಾಗಿ ಓದಿದಾಗ ಅವಳಿಗೆ ಸಮಾಧಾನವಾಗುತ್ತಿತ್ತು. ಈಗ ದಿನವೂ ತನಗೆ ಎಷ್ಟು ಗೊತ್ತಿಲ್ಲ ಎಂಬುದು ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಒಂದು ಮಧ್ಯಾಹ್ನ ಪ್ರಯೋಗಾಲಯಕ್ಕೆ ಬಂದು ಬಾಗಿಲ ಹತ್ತಿರ ನಿಂತಳು.

"ನಂಗ್ ಬ್ಯಾಡ ಮಿಸ್ ಇದು. ಮೊದ್ಲೇ ವಾಸಿಯಾಗಿತ್ತು. ಈಗ ದಡ್ಡಿ ಅಂತ ದಿನಾ ಗೊತ್ತಾಯ್ತದೆ."

ಅವಳನ್ನು ಕೂರಿಸಿ, ಹಿಂದಿನ ವಾರ ಅವಳು ತಡವರಿಸಿದ್ದ ಹೃದಯದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯಲು ಹೇಳಿದೆ. ಗೊಣಗುತ್ತಲೇ ಬರೆದಳು. ನಾಲ್ಕು ಕೋಣೆಗಳು, ರಕ್ತ ಬರುವ ದಾರಿ, ಹೋಗುವ ದಾರಿ. ಒಂದು ಹೆಸರು ಮಾತ್ರ ತಪ್ಪಿತ್ತು. ಸೀಮೆಸುಣ್ಣ ಕೈಯಲ್ಲಿ ಹಿಡಿದೇ ತಾನು ಬರೆದದ್ದನ್ನು ನೋಡುತ್ತಾ ನಿಂತಳು.

"ಇದನ್ನ ಯಾವಾಗ ಓದಿದ್ದೆ?" ಎಂದೆ.

"ಓದಿಲ್ಲ ಮಿಸ್. ಕಳೆದ್ ವಾರ ತಪ್ಪಾಯ್ತಲ್ಲ, ಅವತ್ ಸರಿ ಮಾಡ್ಕಂಡಿದ್ದಷ್ಟೇಯ."

ಆ ಮೇಲೆ ಅವಳು ಬೇಡ ಎನ್ನಲಿಲ್ಲ. ಅಳು ಪೂರ್ತಿ ನಿಂತಿತೆಂದಲ್ಲ. ಆದರೆ ತಪ್ಪಾದಾಗ ಮುಖ ಮುಚ್ಚಿಕೊಳ್ಳುವುದು ನಿಂತಿತು.

ತಕರಾರು ಬಂದದ್ದು ಬೇರೆ ಕಡೆಯಿಂದ. ಮೊದಲು ಬೆಳಿಗ್ಗೆ, ಸಂಜೆ ಓದುವ ದನಿ ಕೇಳುತ್ತಿದ್ದ ಮನೆಯಲ್ಲಿ ಈಗ ಮಗಳು ಪುಸ್ತಕ ಮುಚ್ಚಿಟ್ಟು ಸೂರು ನೋಡುತ್ತಾ ಕೂರುತ್ತಿದ್ದಳು. ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದಳು. ನಿದ್ದೆ ಕೆಟ್ಟರೆ ಓದಿದ್ದು ನಿಲ್ಲುವುದಿಲ್ಲ ಎಂದು ನಾನೇ ಹೇಳಿದ್ದೆ. ಮಹದೇವಸ್ವಾಮಿಯವರಿಗೆ ಇದನ್ನು ಸಹಿಸಲಾಗಲಿಲ್ಲ. ಒಂದು ದಿನ ಡೇರಿಗೆ ಹಾಲು ಹಾಕಿ, ಕ್ಯಾನನ್ನು ಸೈಕಲ್ಲಿನಲ್ಲೇ ಬಿಟ್ಟು, ನೇರ ಮುಖ್ಯ ಶಿಕ್ಷಕರ ಕೊಠಡಿಗೆ ಬಂದರು.

"ಸಾ, ಪರೀಕ್ಸೆ ತಲೆ ಮ್ಯಾಗೆ ಬಂದದೆ. ಈ ಮೇಡಮ್ಮಾರು ನಮ್ ಮಗೀಗೆ ಪುಸ್ತಕ ಮುಚ್ಚು ಅಂತ ಯೋಳ್ಕೊಡ್ತಾವ್ರೆ. ಓದು ಅನ್ನೋ ಮೇಷ್ಟ್ರುನ ಕಂಡಿವ್ನಿ, ಓದ್ಬ್ಯಾಡ ಅನ್ನೋರ್ನ ಇವತ್ತೇ ಕಂಡಿದ್ದು!"

ಮುಖ್ಯ ಶಿಕ್ಷಕರು ನನ್ನತ್ತ ನೋಡಿದರು. ನಾನು ಮಹದೇವಸ್ವಾಮಿಯವರಿಗೆ ಕುರ್ಚಿ ಎಳೆದು ಹಾಕಿ, ಮಗಳು ಇತ್ತೀಚೆಗೆ ಬರೆದಿದ್ದ ಕಿರುಪರೀಕ್ಷೆಯ ಹಾಳೆಗಳನ್ನು ಮುಂದಿಟ್ಟೆ. ಅಂಕ ಇನ್ನೂ ಹೆಚ್ಚೇನೂ ಇರಲಿಲ್ಲ. ಆದರೆ ಅರ್ಧಕ್ಕೆ ನಿಂತ ಉತ್ತರಗಳು ಕಡಿಮೆಯಾಗಿದ್ದವು. "ಎರಡನೇ ಪ್ರಿಪರೇಟರಿವರೆಗೆ ಬಿಡಿ. ಆಗಲೂ ಹೀಗೇ ಇದ್ದರೆ ನೀವು ಹೇಳಿದ ಹಾಗೆ ಆಗಲಿ" ಎಂದೆ. ಅವರು ಹಾಳೆ ನೋಡಿದರು, ನನ್ನ ಮುಖ ನೋಡಿದರು. "ಆಯ್ತು ಬುಡಿ" ಎಂದು ಎದ್ದರು. ನಂಬಿಕೆ ಬಂದಿರಲಿಲ್ಲ, ಮರ್ಯಾದೆಗೆ ಒಪ್ಪಿದ್ದರು.

ಆ ಗಡುವಿಗೆ ಮೊದಲೇ ಎಲ್ಲವೂ ತಲೆಕೆಳಗಾಯಿತು. ಹುಲ್ಲಿನ ಹೊರೆ ಹೊತ್ತು ನಾಲೆಯ ಏರಿ ಇಳಿಯುತ್ತಿದ್ದ ಮಹದೇವಸ್ವಾಮಿ ಜಾರಿ ಬಿದ್ದು, ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡರು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ಕಾಲನ್ನು ನೆಲಕ್ಕೆ ಊರುವಂತಿಲ್ಲ ಎಂದು ಕಳಿಸಿದ್ದರು. ಮೂರು ಹಸು, ಎರಡು ಹೊತ್ತಿನ ಹಾಲು, ಹುಲ್ಲು, ಗದ್ದೆಯ ನೀರು, ಎಲ್ಲವೂ ಗೌರಮ್ಮ ಮತ್ತು ಸಹನಾಳ ಮೇಲೆ ಬಿತ್ತು. ಅವಳು ಕೆಲವು ದಿನ ಶಾಲೆಗೇ ಬರಲಿಲ್ಲ.

ನಾನು ಮನೆಗೆ ಹೋದಾಗ ಮಹದೇವಸ್ವಾಮಿ ಜಗಲಿಯ ಮಂಚದ ಮೇಲೆ, ಕಾಲ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದ್ದರು. ಮುಖದಲ್ಲಿ ಹಿಂದಿನ ಸಿಟ್ಟು ಇರಲಿಲ್ಲ, ಸೋತಿದ್ದರು.

"ಬೇಜಾರ್ ಮಾಡ್ಕಬ್ಯಾಡಿ ಮೇಡಂ. ಈ ವರ್ಸ ಬ್ಯಾಡ. ಮುಂದಿನ್ ವರ್ಸ ಬರೀಲಿ. ಒಂದ್ ವರ್ಸ ಓದ್ರೆ ಏನಾದದು?"

ಒಂದು ವರ್ಷ ಹೋದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹಾಗೆ ನಿಂತ ಹೆಣ್ಣುಮಕ್ಕಳಲ್ಲಿ ಮತ್ತೆ ಬಂದು ಬರೆದವರನ್ನು ನಾನು ಶಾಗ್ಯದಲ್ಲೂ ಕಂಡಿರಲಿಲ್ಲ, ಇಲ್ಲಿಯೂ ಕಂಡಿರಲಿಲ್ಲ. ಅದನ್ನೇ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸಹನಾ ಹಾಲಿನ ಕ್ಯಾನು ಹಿಡಿದು ಕೊಟ್ಟಿಗೆಯಿಂದ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕ್ಯಾನನ್ನು ಕೆಳಗಿಟ್ಟು ಮಂಚದ ಮುಂದೆ ನಿಂತಳು.

"ಅಪ್ಪಾ, ಹಸಾನೂ ನೋಡ್ಕತೀನಿ, ಪರೀಕ್ಸೆನೂ ಬರೀತೀನಿ. ಆದ್ರೆ ನೀನೊಂದ್ ಕೆಲ್ಸ ಮಾಡ್ಬೇಕು."

"ಕಾಲೇ ಎತ್ತಕ್ಕಾಯ್ತಿಲ್ಲ, ಇನ್ನ್ಯಾವ್ ಕೆಲ್ಸ ಮಾಡ್ಲವ್ವ ನಾನು?"

"ಕಾಲ್ ಬ್ಯಾಡ. ಕಣ್ಣು, ಬಾಯಿ ಸಾಕು. ನಾನ್ ಕೆಲ್ಸ ಮಾಡ್ಕಂಡೇ ಪಾಠ ಯೋಳ್ತೀನಿ. ನೀನ್ ಪುಸ್ತಕ ಇಡ್ಕಂಡು ನೋಡು. ತಪ್ಪಾದ್ ತಾವ ನಿಲ್ಸು."

"ನಾನ್ ಓದಿರದು ಏಳ್ನೇ ಕ್ಲಾಸು. ನಂಗೆಲ್ಲವ್ವ ಅರ್ಥ ಆದದು ಅದು?"

"ಅರ್ಥ ಆಗ್ಬೇಕಿರದು ನಂಗೆ. ನೀನ್ ಅಕ್ಷರ ನೋಡ್ಕ, ಸಾಕು."

ಮಹದೇವಸ್ವಾಮಿ ಹೆಂಡತಿಯ ಕಡೆ ನೋಡಿದರು. ಗೌರಮ್ಮ ಬಾಗಿಲ ಬಳಿ ಬಂದು ನಿಂತಿದ್ದರು. "ಹುಲ್ ನಾನ್ ತತ್ತೀನಿ. ಹಾಲ್ ಕರ್ಯದು, ಔಸ್ದಿ ಅವ್ಳ್ ನೋಡ್ಕಳ್ಳಿ. ಬರೀಲಿ ಬುಡಿ" ಎಂದರು. ಅಲ್ಲಿಗೆ ಮಾತು ಮುಗಿಯಿತು. ನಾನು ಸಿದ್ಧಮಾಡಿಕೊಂಡಿದ್ದ ವಾದವೆಲ್ಲ ಹಾಗೇ ಉಳಿಯಿತು.

ಮಂಚವನ್ನು ಕೊಟ್ಟಿಗೆಯ ಕಡೆಯ ಬಾಗಿಲಿಗೆ ಸರಿಸಿದರು. ಸಹನಾ ಹಾಲು ಕರೆಯುತ್ತಾ, ಸಗಣಿ ಬಾಚುತ್ತಾ, ಮುಸುರೆ ಕಲೆಸುತ್ತಾ ಪಾಠ ಹೇಳುತ್ತಿದ್ದಳು. ಮಹದೇವಸ್ವಾಮಿ ಎದೆಯ ಮೇಲೆ ಪುಸ್ತಕ ನಿಲ್ಲಿಸಿಕೊಂಡು, ಸಾಲಿನ ಕೆಳಗೆ ಬೆರಳು ಆಡಿಸುತ್ತಾ ಕೇಳುತ್ತಿದ್ದರು. ಮೊದಮೊದಲು ತಂದೆ ಮಗಳಿಗೆ ಜಗಳವೋ ಜಗಳ. ಒಂದು ಪದ ಹಿಂದೆ ಮುಂದಾದರೂ ಅವರು ಬಿಡುತ್ತಿರಲಿಲ್ಲ. ನಾನು ಹೋದಾಗ ನ್ಯಾಯ ನನ್ನ ಮುಂದೆ ಬಂತು.

"'ಆದ್ದರಿಂದ' ಅಂತದೆ ಇಲ್ಲಿ. ಇವ್ಳು 'ಅದಕ್ಕೇ' ಅಂತಾಳೆ. ತಪ್ಪಲ್ವಾ ಮೇಡಂ?"

ಅರ್ಥ ಸರಿಯಿದ್ದರೆ ಸರಿ, ಸ್ವಂತ ಮಾತಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು ಎಂದು ನಾನು ತೀರ್ಪು ಕೊಟ್ಟೆ. ಅದು ಅವರಿಗೆ ಒಂದು ಹೊಸ ಕಷ್ಟ ತಂದಿತು. ಮಗಳು ಹೇಳುವುದರ ಅರ್ಥ ಸರಿಯೋ ತಪ್ಪೋ ತಿಳಿಯಬೇಕಾದರೆ, ಅವರೂ ಅರ್ಥ ಮಾಡಿಕೊಳ್ಳಬೇಕಾಯಿತು. ಮಗಳು ಶಾಲೆಗೆ ಹೋದ ಮೇಲೆ ಹಗಲೆಲ್ಲ ಅವರಿಗೆ ಬೇರೆ ಕೆಲಸವಿರಲಿಲ್ಲ. ಪಾಠವನ್ನು ತಾವೇ ಓದಿಕೊಂಡು, ಸಂಜೆಗೆ ಪ್ರಶ್ನೆ ತಯಾರು ಮಾಡಿಟ್ಟುಕೊಳ್ಳತೊಡಗಿದರು.

ಒಂದು ಬೆಳಿಗ್ಗೆ ಸಹನಾ ಪ್ರಾರ್ಥನೆಗೂ ಮೊದಲೇ ನನ್ನನ್ನು ಹುಡುಕಿಕೊಂಡು ಬಂದಳು. ಏದುಸಿರು ಬಿಡುತ್ತಿದ್ದಳು.

"ಮಿಸ್, ಅಪ್ಪ ಒಂದ್ ಪ್ರಶ್ನೆ ಕೇಳ್ಬುಟ್ರು. ಬಲ್ಬುನೆಲ್ಲ ಒಂದರ್ ಹಿಂದೆ ಒಂದು ಸರಣೀಲಿ ಹಾಕುದ್ರೆ, ಒಂದ್ ಕೆಟ್ರೆ ಎಲ್ಲಾ ಆರೋಯ್ತವೆ ಅಂತ ಯೋಳ್ದೆ. 'ನಮ್ಮನೇಲಿ ಅಡುಗೆಮನೆ ಬಲ್ಬು ಕೆಟ್ರೂ ಕೊಟ್ಟಿಗೇದು ಉರೀತದಲ್ಲ, ಪುಸ್ತಕ ಸುಳ್ಳಾ?' ಅಂದ್ರು. ನಂಗೆ ಯೋಳಕ್ಕಾಗ್ನಿಲ್ಲ."

"ನಿಮ್ಮ ಮನೆಯಲ್ಲಿ ಯಾವ ಜೋಡಣೆ ಇರಬಹುದು?" ಎಂದಷ್ಟೇ ಕೇಳಿದೆ. ಅವಳು ಕಣ್ಣು ಕಿರಿದು ಮಾಡಿ ಯೋಚಿಸಿದಳು. ಸ್ವಲ್ಪ ಹೊತ್ತಿನಲ್ಲೇ "ಸಮಾಂತರ!" ಎಂದು ಕೂಗಿದ್ದು ಪಕ್ಕದ ತರಗತಿಗೂ ಕೇಳಿಸಿತು. ಆಮೇಲೆ ಯಾಕೆ ಎಂದು ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ನನಗೇ ವಿವರಿಸಿದಳು. ಆ ಪಾಠವನ್ನು ತರಗತಿಯಲ್ಲಿ ನಾನು ಮಾಡಿದ್ದೆ. ಅದು ಅವಳದಾದದ್ದು ಅಂದು.

ಎರಡನೆಯ ಪ್ರಿಪರೇಟರಿಯ ಹೊತ್ತಿಗೆ ಅವಳು ಓದಿಗೆ ಕೊಡುತ್ತಿದ್ದ ಸಮಯ ಮೊದಲಿಗಿಂತ ಎಷ್ಟೋ ಕಡಿಮೆ. ಆದರೂ ಎಲ್ಲ ವಿಷಯಗಳಲ್ಲೂ ಪಾಸಾದಳು. ವಿಜ್ಞಾನದಲ್ಲಿ ತರಗತಿಯ ಮೊದಲ ಹತ್ತು ಮಂದಿಯ ಒಳಗೆ ಬಂದಳು. ಮುಖ್ಯ ಶಿಕ್ಷಕರು ಉತ್ತರಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇ ಹುಡುಗೀದಾ ಮೇಡಂ?" ಎಂದರು. ಮರುದಿನ ಶಿಕ್ಷಕರ ಸಭೆಯಲ್ಲಿ, ಹತ್ತನೇ ತರಗತಿಯ ಪ್ರತಿ ಪಾಠದ ಕೊನೆಗೂ ಮಕ್ಕಳು ಪುಸ್ತಕ ಮುಚ್ಚಿ ಬರೆಯುವ ಸ್ವಲ್ಪ ಸಮಯ ಇರಲೇಬೇಕು ಎಂದು ಅವರೇ ಸೂಚನೆ ಕೊಟ್ಟರು.

ಕೊನೆಗೆ ನಿಜವಾದ ಪರೀಕ್ಷೆ ಬಂತು. ಅವಳ ಕೇಂದ್ರ ಕೊಳ್ಳೇಗಾಲದಲ್ಲಿ. ವಿಜ್ಞಾನದ ಪತ್ರಿಕೆಯ ದಿನ ವಿಜ್ಞಾನ ಶಿಕ್ಷಕರಿಗೆ ಕೊಠಡಿ ಮೇಲ್ವಿಚಾರಣೆ ಕೊಡುವುದಿಲ್ಲ, ನಾನು ಶಾಲೆಯಲ್ಲೇ ಇದ್ದೆ. ಕೆಲಸ ಮುಗಿಸಿ ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೆ ಬಂದಾಗ ಸಹನಾ ತಾಯಿಯ ಜೊತೆ ನನಗಾಗಿಯೇ ಕಾಯುತ್ತಿದ್ದಳು. ಮುಖ ನೋಡಿ ಏನೂ ಗೊತ್ತಾಗಲಿಲ್ಲ.

"ಮೊದಲ್ನೇ ಪುಟ ನೋಡ್ತಿದ್ದಂಗೆ ಎಲ್ಲಾ ಒಂಟೋಯ್ತು ಮಿಸ್" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. "ಆಮೇಲೆ?"

"ಆಮೇಲ್ ಏನು? ದಿನಾ ಪುಸ್ತಕ ಮುಚ್ದಾಗ್ಲೂ ಮೊದ್ಲು ಅಂಗೇ ಅಲ್ವಾ ಆಗದು? ಸ್ವಲ್ಪ ಸುಮ್ಗಿದ್ರೆ ಒಂದೊಂದೇ ಬತ್ತವೆ. ಪೆನ್ ಕೆಳಗಿಟ್ಟು ಸುಮ್ಗೆ ಕುಂತಿದ್ದೆ. ಗೊತ್ತಿರ ಪ್ರಶ್ನೆ ಒಂದ್ ಇಡ್ಕಂಡೆ. ಅದ್ ಬರೀತಿದ್ದಂಗೆ ಮಿಕ್ಕವೂ ಬಂದ್ವು. ಒಂದ್ ಪ್ರಶ್ನೆ ಮಾತ್ರ ಬರ್ನಿಲ್ಲ, ಬುಟ್ಟೆ."

ಗೌರಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. ನನಗೆ ಫಲಿತಾಂಶಕ್ಕೆ ಕಾಯುವ ಅಗತ್ಯ ಅಲ್ಲಿಗೇ ಮುಗಿಯಿತು. ಪರೀಕ್ಷೆಯ ಕೊಠಡಿಯಲ್ಲಿ ಕತ್ತಲೆ ಕವಿಯದ ಮಕ್ಕಳಿಲ್ಲ. ಆ ಕತ್ತಲೆಯಲ್ಲಿ ಗಾಬರಿಯಾಗದೆ ಕೂತು ದೀಪ ಹುಡುಕುವ ಅಭ್ಯಾಸ ಅವಳಿಗೆ ಆಗಿಹೋಗಿತ್ತು. ಮೊದಲ ಸಲ ತಲೆ ಖಾಲಿಯಾದದ್ದು ಪರೀಕ್ಷೆಯಲ್ಲಾಗಿದ್ದರೆ ಅವಳೂ ಕುಸಿಯುತ್ತಿದ್ದಳು. ಆದರೆ ಅವಳು ಮನೆಯಲ್ಲಿ, ಕೊಟ್ಟಿಗೆಯಲ್ಲಿ, ತಂದೆಯ ಮುಂದೆ ಅದೆಷ್ಟೋ ಸಲ ಖಾಲಿಯಾಗಿ ಮತ್ತೆ ತುಂಬಿಕೊಂಡಿದ್ದಳು.

ಫಲಿತಾಂಶ ಬಂದ ದಿನ ಮಹದೇವಸ್ವಾಮಿ ಕೋಲೂರಿಕೊಂಡು ಶಾಲೆಗೆ ಬಂದರು. ಸಹನಾ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ಅವಳ ವಿಷಯಗಳಲ್ಲಿ ವಿಜ್ಞಾನಕ್ಕೇ ಅತಿ ಹೆಚ್ಚು ಅಂಕ. ಶಾಲೆಗೆ ಮೊದಲಿಗಳೇನೂ ಅಲ್ಲ. ಆದರೆ ಡಿಪ್ಲೊಮಾ ಸೀಟಿಗೆ ಅರ್ಜಿ ಹಾಕಲು ಅಷ್ಟು ಅಂಕ ಸಾಕಾಗಿತ್ತು. ಅವರು ಎಲ್ಲರಿಗೂ ಸಿಹಿ ಹಂಚಿ, ಕೊನೆಗೆ ನನ್ನ ಮುಂದೆ ನಿಂತರು.

"ಮೇಡಂ, ನಮ್ ಮಗಿಗೆ ತಲೆ ಇಲ್ಲ ಅಂತಿದ್ದೆ ನಾನು. ಅವ್ಳ ಬಾಯಲ್ಲಿ ದಿನಾ ಪಾಠ ಕೇಳ್ದ್ ಮ್ಯಾಲೆ ಗೊತ್ತಾಯ್ತು. ತಲೆ ಅದೆ. ನಾವ್ಯಾರೂ ಅದುನ್ನ ಕೇಳಿರ್ನಿಲ್ಲ ಅಷ್ಟೇಯ."

ಸಹನಾಳಿಗೆ ಸೀಟು ಸಿಕ್ಕಿತು. ನಾನು ನಿವೃತ್ತಳಾಗುವ ವರ್ಷ ರಜೆಗೆ ಊರಿಗೆ ಬಂದವಳನ್ನು ಹತ್ತನೇ ತರಗತಿಯ ಮಕ್ಕಳ ಜೊತೆ ಮಾತನಾಡಲು ಕರೆದೆ. ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು, "ಅಕ್ಕ, ನಾನ್ ತುಂಬಾ ಓದ್ತೀನಿ, ಏನೂ ನೆನಪಿರಲ್ಲ" ಎಂದಳು. ಸಹನಾ ಭಾಷಣ ಮಾಡಲಿಲ್ಲ. ಆ ಹುಡುಗಿಯ ಪಕ್ಕದಲ್ಲಿ ಹೋಗಿ ಕೂತಳು. ಅವಳ ಮುಂದಿದ್ದ ಪುಸ್ತಕವನ್ನು ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು, "ಈಗ ಯೋಳು, ನಾನ್ ಕೇಳ್ತೀನಿ. ತಪ್ಪಾಗ್ಲಿ, ಪರವಾಗಿಲ್ಲ" ಎಂದಳು. ಇಡೀ ತರಗತಿ ಅವರಿಬ್ಬರನ್ನು ನೋಡುತ್ತಾ ಕೂತಿತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನನಗೆ ಅಲ್ಲಿ ಮಾಡಲು ಕೆಲಸವೇ ಉಳಿದಿರಲಿಲ್ಲ.

'ಕಷ್ಟಪಟ್ಟು ಓದಿ' ಎಂದು ಮಕ್ಕಳಿಗೆ ಹೇಳದ ಶಿಕ್ಷಕರಿಲ್ಲ. ಹೇಳಿದ ಮಾತನ್ನು ಪಾಲಿಸಿ, ನಿಜಕ್ಕೂ ಕಷ್ಟಪಟ್ಟು, ಆದರೂ ಸೋಲುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರು ಗಲಾಟೆ ಮಾಡುವುದಿಲ್ಲ, ಆದ್ದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಾವು ದಡ್ಡರೆಂದು ತಾವೇ ಒಪ್ಪಿಕೊಂಡು ಸುಮ್ಮನೆ ಹಿಂದೆ ಸರಿಯುತ್ತಾರೆ. ಅಂಥ ಮಗು ಸಿಕ್ಕಾಗ ಇನ್ನಷ್ಟು ಕಷ್ಟಪಡು ಎನ್ನುವುದು ಅನ್ಯಾಯ. ಕಷ್ಟವನ್ನು ಎಲ್ಲಿ ಪಡಬೇಕು ಎಂದು ತೋರಿಸಿ, ಆ ಮಗು ತಡವರಿಸುವಾಗ ಎದುರಿಗೆ ಕೂತು ತಾಳ್ಮೆಯಿಂದ ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದನ್ನೇ.